ದಾರ ಇಳಿಬಿಟ್ಟು ಅಳೆದ ಮನೆ

ರಿಪೇರಿಗೆ ಬಂದ ಹಳೇ ಕಟ್ಟಡಗಳಿಗೆ ಅಳತೆ ಹಿಡಿದು ನಕ್ಷೆ ಬರೆಯುವುದು ನನ್ನ ಕೆಲಸ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 1720ರ ದಶಕದ ಒಂದು ಸಾಲುಮನೆ ಸಿಕ್ಕಾಗ ಎರಡು ದಿನ ಸಾಕು ಅಂದುಕೊಂಡಿದ್ದೆ. ಒಂದೊಂದು ಅಂತಸ್ತಿನಲ್ಲಿ ಎರಡೇ ಕೋಣೆ, ಮುಂದೊಂದು, ಹಿಂದೊಂದು. ಹಿಂದಿನ ಕೋಣೆಯ ಪಕ್ಕದಲ್ಲಿ ಮೆಟ್ಟಿಲು. ಅಟ್ಟದಲ್ಲಿ ರೇಷ್ಮೆ ನೇಯುವವರಿಗೆ ಬೆಳಕು ಬರಲೆಂದು ಅಗಲದ ಕಿಟಕಿ. ಅಷ್ಟೇ ಅಲ್ವಾ?

ಮಹಡಿ ಮಹಡಿಯನ್ನೂ ಬೇರೆ ಬೇರೆ ಅಳೆದು ಹಾಳೆಗಳನ್ನು ಒಂದರ ಮೇಲೊಂದು ಇಟ್ಟೆ. ಹೊಂದಲೇ ಇಲ್ಲ. ಹೊಗೆಗೂಡು ಒಂದೊಂದು ಮಹಡಿಯಲ್ಲಿ ಒಂದೊಂದು ಜಾಗದಲ್ಲಿತ್ತು. ಮುಂಗೋಡೆ ನೆಟ್ಟಗಿದೆ ಎಂದು ನಂಬಿ ಎಲ್ಲ ಹಾಳೆಗಳನ್ನೂ ಅದಕ್ಕೇ ಜೋಡಿಸಿದ್ದೆ. ತಪ್ಪಾಗಿದ್ದು ಅಲ್ಲೇ.

ಮರುದಿನ ತೂಗುಗುಂಡು ತಂದೆ. ಮೇಲಿನ ಕಿಟಕಿಯಿಂದ ಒಂದು ಕೋಲು ಹೊರಚಾಚಿ, ನೆಲಮಾಳಿಗೆಯ ಮುಂದಿನ ಗುಂಡಿಯವರೆಗೂ ದಾರ ಇಳಿಬಿಟ್ಟೆ. ಗಾಳಿಗೆ ಗುಂಡು ಓಲಾಡುತ್ತಿತ್ತು. ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿದ ಮೇಲೆ ನಿಂತಿತು. ಆಮೇಲೆ ಪ್ರತಿ ಕಿಟಕಿಯಿಂದಲೂ ಕೈಚಾಚಿ ದಾರಕ್ಕೂ ಇಟ್ಟಿಗೆಗೂ ಇರುವ ಸಂದು ಅಳೆದೆ. ಮೊದಲ ಮಹಡಿಯಲ್ಲಿ 210 ಮಿಲಿಮೀಟರ್. ಎರಡನೆಯದರಲ್ಲಿ 148. ಗೋಡೆ ಹೊಟ್ಟೆ ಬಿಟ್ಟಿತ್ತು.

ಬೆರಳ ಗೆಣ್ಣಿನಿಂದ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಇಂಥ ಮನೆಗಳಲ್ಲಿ ಹೊರಗೆ ಕಾಣುವ ಒಳ್ಳೆಯ ಇಟ್ಟಿಗೆ ದುಬಾರಿ, ಹಿಂದಿನದು ಅಗ್ಗದ್ದು. ಒಳಕ್ಕೆ ಹೋಗಿ ಕಚ್ಚಿಕೊಳ್ಳಬೇಕಾದ ಅಡ್ಡ ಇಟ್ಟಿಗೆಗಳನ್ನು ಅರ್ಧಕ್ಕೆ ಮುರಿದು ಇಟ್ಟಿರುತ್ತಾರೆ. ಬೀದಿಯಿಂದ ನೋಡಿದರೆ ಗಟ್ಟಿ ಕಟ್ಟು, ನಿಜಕ್ಕೂ ಬರೀ ತೆಳು ಪದರ. ಗೋಡೆಯೊಳಗೆ ಹುದುಗಿಸಿದ ಮರ ಕೊಳೆತರೆ ಆ ಪದರ ಬಿಟ್ಟುಕೊಳ್ಳುತ್ತದೆ. ಮನೆಯ ಭಾರ ಹೊರುವುದರಲ್ಲಿ ಕೋಣೆಗಳ ನಡುವಿನ ಮರದ ಹಲಗೆ ಗೋಡೆಗಳ ಪಾಲೂ ದೊಡ್ಡದು. ಯಾರೋ ಅಂಥದ್ದೊಂದನ್ನು ಸುಮ್ನೆ ಅಡ್ಡಗೋಡೆ ಎಂದು ಕೊಯ್ದು ಬಾಗಿಲು ಇಟ್ಟಿದ್ದರು. ಅದರ ಮೇಲಿನ ನೆಲ ಕುಸಿದು ತೊಟ್ಟಿಲಿನಂತಾಗಿತ್ತು. ನೋಡಿ ಹೊಟ್ಟೆ ಉರಿಯಿತು.

ಕಿಟಕಿಗಳ ಮುಂದೆ ಜಾಸ್ತಿ ಹೊತ್ತು ಕಳೆದೆ. ನನಗೆ ಅವೇ ಇಷ್ಟ. 1666ರ ಮಹಾ ಬೆಂಕಿಯ ಭಯ ಲಂಡನ್ನಿಗೆ ಇನ್ನೂ ಹೋಗಿರಲಿಲ್ಲ. ಮರದ ಚೌಕಟ್ಟನ್ನು ಗೋಡೆಯ ಮುಖದಿಂದ 4 ಇಂಚು ಒಳಕ್ಕೆ ಕೂರಿಸಬೇಕೆಂದು 1709ರಲ್ಲಿ ಕಾನೂನು ಬಂತು. ಈ ಮನೆಯಲ್ಲಿ ಅಳೆದರೆ ಒಂದೇ ಇಂಚು! ಹಾಗಂತ ಮನೆ 1709ಕ್ಕಿಂತ ಹಳೆಯದಲ್ಲ. ಕಾನೂನು ಎಲ್ಲ ಕಡೆ ನಡೆಯಲಿಲ್ಲ. ಮೇಲೆ ಕೆಳಗೆ ಸರಿಯುವ ಕಿಟಕಿಯ ತೂಕದ ಗುಂಡುಗಳು ಅಡಗಿರುವ ಚೌಕಟ್ಟಿನ ಪೆಟ್ಟಿಗೆಯನ್ನೇ ಇಟ್ಟಿಗೆಯ ಹಿಂದೆ ಮರೆಮಾಡಬೇಕೆಂದಿದ್ದು 1774ರ ಕಾನೂನು. ಅದಕ್ಕೇ ಕಿಟಕಿಯೊಂದನ್ನೇ ನೋಡಿ ನಾನು ಇಸವಿ ಬರೆಯುವುದಿಲ್ಲ. ಕಿಟಕಿಯ ಅಡ್ಡಪಟ್ಟಿಗಳ ದಪ್ಪ, ಮೆಟ್ಟಿಲ ಕಂಬ, ಹಲಗೆಗಳ ಅಂಚಿನ ಕೆತ್ತನೆ ಎಲ್ಲ ಸೇರಿಸಿ ನೋಡುತ್ತೇನೆ.

ಮುಂಗೋಡೆಯನ್ನು ಬಿಚ್ಚಿ ನೆಟ್ಟಗೆ ಕಟ್ಟೋಣವೇ ಎಂಬ ಮಾತು ಬಂತು. ಬೇಡ ಎಂದು ಪಟ್ಟು ಹಿಡಿದೆ. ಇಂಜಿನಿಯರ್ ಲೆಕ್ಕ ಹಾಕಿ ಒಪ್ಪಿದರು. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳಿಂದ ಹೊರಪದರವನ್ನು ಒಳಗೋಡೆಗೆ ಬಿಗಿದರು. ಸಂದುಗಳಿಂದ ಸಿಮೆಂಟ್ ಕೆರೆದು ಸುಣ್ಣದ ಗಾರೆ ತುಂಬಿದರು. ಗೋಡೆಯ ಉಬ್ಬು ಹಾಗೇ ಇದೆ, ನನ್ನ ನಕ್ಷೆಯಲ್ಲೂ ಇದೆ.