ಕಪ್ಪು-ಬಿಳುಪು ಫೋಟೊ ಮನೆಯಲ್ಲೇ ಪ್ರಿಂಟ್: ಯಾವ ಇಂಕ್ ಸರಿ?

ಬಣ್ಣದ ಫೋಟೊ ಚೆನ್ನಾಗಿಯೇ ಬರುತ್ತದೆ. ಅದೇ ಪ್ರಿಂಟರ್‌ಗೆ ಅಜ್ಜಿಯ ಹಳೇ ಕಪ್ಪು-ಬಿಳುಪು ಫೋಟೊ ಕೊಟ್ಟರೆ ಎಡವಟ್ಟು. ನರೆಗೂದಲಿಗೆ ಹಸಿರು ಛಾಯೆ, ಸೀರೆಯ ನೆರಿಗೆಗೆ ನೇರಳೆ. ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಅಂಗಳಕ್ಕೆ ತಂದರೆ ಇನ್ನೊಂದು. ಪ್ರಿಂಟರ್ ಕೆಟ್ಟಿಲ್ಲ. ಅದರೊಳಗೆ ಬೂದು ಬಣ್ಣದ ಇಂಕೇ ಇಲ್ಲ, ಅಷ್ಟೇ.

ಕಪ್ಪು-ಬಿಳುಪು ಫೋಟೊದಲ್ಲಿ ಅಪ್ಪಟ ಕಪ್ಪು ಇರುವುದು ಸ್ವಲ್ಪವೇ. ಉಳಿದದ್ದೆಲ್ಲ ಬೂದು. ನಾಲ್ಕು ಬಣ್ಣದ ಪ್ರಿಂಟರ್ ಈ ಬೂದನ್ನು ಬಹುಪಾಲು ಸಯಾನ್, ಮೆಜೆಂಟಾ, ಹಳದಿ ಬೆರೆಸಿಯೇ ತರುತ್ತದೆ. ಮೂರರಲ್ಲಿ ಒಂದು ಕೊಂಚ ಜಾಸ್ತಿಯಾದರೂ ಸಾಕು, ಛಾಯೆ ಇಣುಕುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಅಜ್ಜಿಯ ಕೆನ್ನೆಯ ಮೇಲೆ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಕಾಣುತ್ತವೆ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಗ್ರೇ ಇಂಕ್ ಇದೆಯಾ?

1. ನಿಮ್ಮ ಪ್ರಿಂಟರ್‌ನಲ್ಲಿ ಏನಿದೆ ನೋಡಿ

ಮನೆ, ಆಫೀಸಿನ ಸಾಮಾನ್ಯ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಇರುವುದು ನಾಲ್ಕೇ ಬಣ್ಣ. ಕ್ಯಾನನ್ ಜಿ2010, ಜಿ3010 ತರಹದವುಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್ (ನುಣ್ಣನೆಯ ಪುಡಿಯದ್ದು), ಉಳಿದ ಮೂರು ಡೈ (ದ್ರವದಲ್ಲಿ ಕರಗಿದ ಬಣ್ಣ). ಇಲ್ಲೊಂದು ತಮಾಷೆ ಇದೆ. ಸೆಟ್ಟಿಂಗ್‌ನಲ್ಲಿ ಗ್ಲಾಸಿ ಫೋಟೊ ಪೇಪರ್ ಆರಿಸಿದರೆ ಆ ಕಪ್ಪು ಇಂಕ್ ಕೆಲಸಕ್ಕೇ ಬರುವುದಿಲ್ಲ. ಕಪ್ಪು ಕೂಡ ಮೂರು ಬಣ್ಣ ಸೇರಿಯೇ ಆಗಬೇಕು. ಕಪ್ಪು ಬಾಟಲಿ ಎಷ್ಟೇ ಒಳ್ಳೆಯದು ತಂದು ಸುರಿದರೂ ಆ ಫೋಟೊಗೆ ಏನೂ ಪ್ರಯೋಜನವಿಲ್ಲ.

ಆರು ಬಣ್ಣ ಇದ್ದರೆ ಸಮಸ್ಯೆ ತೀರಿತು ಅಂದುಕೊಳ್ಳಬೇಡಿ. ಎಪ್ಸನ್ ಎಲ್805, ಎಲ್1800ರಲ್ಲಿ ಹೆಚ್ಚಿಗೆ ಇರುವ ಎರಡು ಇಂಕ್ ಎಂದರೆ ತಿಳಿ ಸಯಾನ್, ತಿಳಿ ಮೆಜೆಂಟಾ. ಮುಖದ ಬಣ್ಣಕ್ಕೆ ಅವು ಸೊಗಸು. ಬೂದು ಬಣ್ಣ ಮಾತ್ರ ಮತ್ತೆ ಬೆರಕೆಯದೇ. ಕ್ಯಾನನ್ ಜಿ570, ಎಪ್ಸನ್ ಎಲ್8180 ಮಾದರಿಗಳಲ್ಲಿ ಗ್ರೇ ಇಂಕ್ ಬೇರೆಯಾಗಿಯೇ ಇದೆ. ಮನೆ ಆಲ್ಬಮ್‌ಗೆ, ಗೋಡೆಗೆ ಹಾಕುವ ನಾಲ್ಕಾರು ಫೋಟೊಗೆ ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಪ್ರದರ್ಶನಕ್ಕೆ ಕಳಿಸುವವರ ಲೆಕ್ಕ ಬೇರೆ. ಕ್ಯಾನನ್ ಪ್ರೊ-200ರಲ್ಲಿ ಎಂಟು ಡೈ ಇಂಕ್, ಅದರಲ್ಲಿ ಬೂದು ಮತ್ತು ತಿಳಿ ಬೂದು ಎರಡೂ ಇವೆ. ಎಪ್ಸನ್ ಪಿ900ರಲ್ಲಿ ಹತ್ತು ಪಿಗ್ಮೆಂಟ್ ಇಂಕ್. ಅದರಲ್ಲಿ ಕಪ್ಪು ಎರಡು, ಬೂದು ಎರಡು. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅದು ಬೇರೆ ಮಾತು.

2. ಡೈ ಅಥವಾ ಪಿಗ್ಮೆಂಟ್

ಡೈ ಇಂಕ್ ಪೇಪರಿನೊಳಗೆ ಇಳಿಯುತ್ತದೆ. ಗ್ಲಾಸಿ ಪೇಪರ್ ಮೇಲೆ ಹೊಳಪು ಎಲ್ಲೂ ಒಡೆಯುವುದಿಲ್ಲ. ಆದರೆ ಬಿಸಿಲಿಗೆ, ಗಾಳಿಯಲ್ಲಿನ ಓಝೋನ್‌ಗೆ ಬೇಗ ಮಾಸುತ್ತದೆ. ಬೆರಕೆ ಬೂದಿನಲ್ಲಿ ಇದು ಇನ್ನೂ ಕೆಟ್ಟದು. ಮೂರು ಬಣ್ಣವೂ ಒಂದೇ ವೇಗದಲ್ಲಿ ಮಾಸುವುದಿಲ್ಲ, ಹಾಗಾಗಿ ಇವತ್ತು ಬೂದಾಗಿದ್ದದ್ದು ಆಮೇಲೆ ಬೇರೆ ಬಣ್ಣಕ್ಕೆ ತಿರುಗಬಹುದು. ಡೈ ಪ್ರಿಂಟ್ ಅಂದರೆ ಗಾಜಿನ ಫ್ರೇಮ್ ಬೇಕೇ ಬೇಕು.

ಪಿಗ್ಮೆಂಟ್ ಎಂದರೆ ನುಣ್ಣನೆಯ ಪುಡಿ. ಪೇಪರ್ ಮೇಲೆಯೇ ಕೂರುತ್ತದೆ, ಬಾಳಿಕೆ ಜಾಸ್ತಿ. ಗ್ಲಾಸಿ ಪೇಪರನ್ನು ಓರೆಯಾಗಿ ಹಿಡಿದರೆ ಕಪ್ಪು ಜಾಗ ತಾಮ್ರದ ಹಾಗೆ ಮಿನುಗುವುದುಂಟು. ಹೊಳಪಿಲ್ಲದ ಮ್ಯಾಟ್ ಪೇಪರ್‌ನಲ್ಲಿ ಈ ತಕರಾರಿಲ್ಲ.

3. ಪೇಪರ್‌ಗೆ ತಕ್ಕ ಕಪ್ಪು

ಪಿಗ್ಮೆಂಟ್ ಪ್ರಿಂಟರ್‌ನಲ್ಲಿ ಫೋಟೊ ಬ್ಲ್ಯಾಕ್, ಮ್ಯಾಟ್ ಬ್ಲ್ಯಾಕ್ ಎಂದು ಎರಡು ಕಪ್ಪು ಇರುತ್ತವೆ. ಗ್ಲಾಸಿ, ಅರೆಹೊಳಪಿನ ಲಸ್ಟರ್ ಪೇಪರ್‌ಗೆ ಮೊದಲನೆಯದು. ಹತ್ತಿಯ ಮ್ಯಾಟ್ ಪೇಪರ್‌ಗೆ ಎರಡನೆಯದು. ಇದನ್ನು ನೀವು ಕೈಯಾರೆ ಆರಿಸಬೇಕಿಲ್ಲ. ಪೇಪರ್ ಟೈಪ್ ಸರಿಯಾಗಿ ಹೇಳಿದರೆ ಪ್ರಿಂಟರ್ ತಾನೇ ಆರಿಸಿಕೊಳ್ಳುತ್ತದೆ. ಪೇಪರ್ ಹೆಸರು ತಪ್ಪು ಹೇಳಿದಿರೋ, ಮ್ಯಾಟ್ ಪೇಪರ್‌ನಲ್ಲಿ ಕಪ್ಪು ಬೂದಿಯಂತೆ ಸಪ್ಪೆಯಾಗುತ್ತದೆ.

ಗ್ಲಾಸಿಯಷ್ಟು ಗಾಢ ಕಪ್ಪು ಮ್ಯಾಟ್‌ನಲ್ಲಿ ಬರುವುದಿಲ್ಲ. ಅದು ಮ್ಯಾಟ್ ಪೇಪರಿನ ಗುಣ, ಬೇಸರ ಬೇಡ. ಕಣ್ಣು ಕುಕ್ಕುವಷ್ಟು ಬೆಳ್ಳಗಿರುವ ಪೇಪರ್ ಮಾತ್ರ ಯೋಚಿಸಿ ಕೊಳ್ಳಿ. ಅದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಶಕ್ತಿ ಕಳೆದುಕೊಂಡು ಪೇಪರ್ ಹಳದಿಗೆ ತಿರುಗುತ್ತದೆ.

4. ಸೆಟ್ಟಿಂಗ್

ಎಪ್ಸನ್ ಪಿ900ರಂಥ ವೃತ್ತಿಪರ ಫೋಟೊ ಪ್ರಿಂಟರ್‌ಗಳಲ್ಲಿ ‘ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್’ ಎಂಬ ಆಯ್ಕೆ ಇರುತ್ತದೆ. 2005ರಲ್ಲಿ ಆರ್2400 ಪ್ರಿಂಟರ್, ಮೂರು ಹಂತದ ಕಪ್ಪಿನ ಕೆ3 ಇಂಕ್‌ಗಳ ಜೊತೆ ಬಂದದ್ದು. ಇದರಲ್ಲಿ ಹೆಚ್ಚು ಕೆಲಸ ಕಪ್ಪು, ಬೂದು ಇಂಕ್‌ಗಳದ್ದೇ. ಬಣ್ಣ ಬರೀ ಒಗ್ಗರಣೆಯಷ್ಟು. ನ್ಯೂಟ್ರಲ್, ವಾರ್ಮ್ (ಕೊಂಚ ಕಂದು), ಕೂಲ್ (ಕೊಂಚ ನೀಲಿ), ಸೆಪಿಯಾ (ಪೂರ್ತಿ ಕಂದು) ಎಂದು ಆರಿಸಬಹುದು. ಹಳೇ ಕುಟುಂಬದ ಫೋಟೊಗೆ ವಾರ್ಮ್ ಚೆನ್ನ, ಸೆಪಿಯಾ ಅತಿಯಾಯಿತು ಅನಿಸುತ್ತದೆ. ಕ್ಯಾನನ್ ಪ್ರೊ ಮಾದರಿಗಳಲ್ಲೂ ಕಪ್ಪು-ಬಿಳುಪಿಗೇ ಒಂದು ಆಯ್ಕೆ ಇದೆ.

ನಾಲ್ಕು ಬಣ್ಣದ ಪ್ರಿಂಟರ್ ಇರುವವರು ‘ಗ್ರೇಸ್ಕೇಲ್’ ಟಿಕ್ ಮಾಡಿ ನೋಡಿ. ಕೆಲವು ಪ್ರಿಂಟರ್‌ಗಳು ಆಗ ಕಪ್ಪೊಂದನ್ನೇ ಬಳಸುತ್ತವೆ. ಛಾಯೆ ಹೋಗುತ್ತದೆ, ಆದರೆ ಹಣೆ, ಆಕಾಶದಂಥ ತಿಳಿ ಜಾಗದಲ್ಲಿ ರವೆ ಚೆಲ್ಲಿದಂತೆ ಚುಕ್ಕಿ ಕಾಣುತ್ತದೆ. ದೂರದಿಂದ ನೋಡುವ ದೊಡ್ಡ ಫೋಟೊಗೆ ಪರವಾಗಿಲ್ಲ.

5. ಪಟ್ಟಿ ಹೊಡೆದು ನೋಡಿ

ದುಬಾರಿ ಪೇಪರ್ ಹಾಳು ಮಾಡುವ ಮೊದಲು ಸಣ್ಣ ತುಂಡಿನ ಮೇಲೆ ಒಂದು ಬೂದು ಪಟ್ಟಿ ಪ್ರಿಂಟ್ ಮಾಡಿ. ಉಚಿತವಾಗಿ ಸಿಗುವ ಗಿಂಪ್ ಎಂಬ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಸಾಕು. ಬಿಳಿಯಿಂದ ಕಪ್ಪಿನವರೆಗೆ ಶೇ 5ರಂತೆ ಏರಿಸುತ್ತಾ ಹೋದರೆ 21 ಚೌಕ ಆಗುತ್ತವೆ. ಒಂದು ದಿನ ಒಣಗಲು ಬಿಡಿ, ಒದ್ದೆ ಇಂಕ್ ಸುಳ್ಳು ಹೇಳುತ್ತದೆ. ಆಮೇಲೆ ಕಿಟಕಿ ಬೆಳಕು, ಎಲ್‌ಇಡಿ ಬಲ್ಬ್ ಎರಡರಲ್ಲೂ ನೋಡಿ. ಒಂದರಲ್ಲಿ ಬೂದು, ಇನ್ನೊಂದರಲ್ಲಿ ಹಸಿರು ಅಂದರೆ ಬೆರಕೆಯದೇ ಕಾಟ. ಕೊನೆಯ ನಾಲ್ಕು ಚೌಕ ಒಂದೇ ಕಪ್ಪಾಗಿ ಕಂಡರೆ ಫೋಟೊದ ನೆರಳು ಭಾಗವನ್ನು ಸ್ವಲ್ಪ ತಿಳಿ ಮಾಡಿ ಕೊಡಿ.

ಬೇರೆ ಕಂಪನಿಯ ಅಗ್ಗದ ‘ಕಂಪ್ಯಾಟಿಬಲ್’ ಇಂಕ್ ಸಿಕ್ಕಿಬೀಳುವುದೂ ಈ ಪಟ್ಟಿಯಲ್ಲೇ. ಬಣ್ಣದ ಫೋಟೊದಲ್ಲಿ ಅದರ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ, ಬೂದಿನಲ್ಲಿ ಮುಚ್ಚಿಡಲು ಆಗುವುದಿಲ್ಲ.

6. ಹುಚ್ಚು ಹಿಡಿದವರಿಗೆ: ಕಾರ್ಬನ್ ಇಂಕ್

ಬಣ್ಣದ ಇಂಕ್‌ಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ ಬರೀ ಕಪ್ಪು, ಬೂದಿನ ಹಲವು ಹಂತ ತುಂಬುವವರೂ ಇದ್ದಾರೆ. ಅಮೆರಿಕದ ಜಾನ್ ಕೋನ್ ರೂಪಿಸಿದ ಪೀಝೋಗ್ರಫಿ ಇದರಲ್ಲಿ ಹೆಸರುವಾಸಿ. ಇದನ್ನು ನಡೆಸಲು ಪ್ರಿಂಟರ್ ಜೊತೆ ಬಂದ ಡ್ರೈವರ್ ಸಾಫ್ಟ್‌ವೇರ್ ಸಾಲದು. ಕ್ವಾಡ್‌ಟೋನ್ ರಿಪ್ ಎಂಬ ಸಾಫ್ಟ್‌ವೇರ್, ಜೊತೆಗೆ ಅದು ಒಪ್ಪುವ ಎಪ್ಸನ್ ಪ್ರಿಂಟರ್ ಬೇಕು.

ಕಾರ್ಬನ್ ಎಂದರೆ ದೀಪದ ಕಾಡಿಗೆಯ ಜಾತಿಯದೇ. ತಾಳೆಗರಿಯಲ್ಲಿ ಕೊರೆದ ಅಕ್ಷರಕ್ಕೆ ನಮ್ಮವರು ತಿಕ್ಕುತ್ತಿದ್ದದ್ದು ಅದನ್ನೇ, ಶತಮಾನ ಕಳೆದರೂ ಓದಲು ಬರುತ್ತದೆ. ಶುದ್ಧ ಕಾರ್ಬನ್ ಪೇಪರ್ ಮೇಲೆ ಸ್ವಲ್ಪ ಕಂದಾಗಿ ಕಾಣುತ್ತದೆ, ಹಲವರಿಗೆ ಅದೇ ಇಷ್ಟ. ಆದರೆ ಆ ಪ್ರಿಂಟರ್‌ನಿಂದ ಬಣ್ಣದ ಫೋಟೊ ಆಸೆ ಬಿಡಬೇಕು. ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ಇಂಕ್ ಚಿಮ್ಮುವ ನಾಝಲ್ ಕಟ್ಟಿಕೊಳ್ಳುತ್ತದೆ. ಹೆಡ್ ಕ್ಲೀನಿಂಗ್ ಮಾಡುತ್ತಾ ಹೋದರೆ ದುಬಾರಿ ಇಂಕೆಲ್ಲ ವೇಸ್ಟ್ ಪ್ಯಾಡ್ ಪಾಲು. ವಾರಕ್ಕೊಮ್ಮೆಯಾದರೂ ಪ್ರಿಂಟ್ ತೆಗೆಯುವವರಷ್ಟೇ ಈ ದಾರಿ ಹಿಡಿಯಲಿ. ಉಳಿದವರು ಇಷ್ಟವಾದ ಎರಡು ಮೂರು ಫೋಟೊ ಆರಿಸಿ, ಪಿಗ್ಮೆಂಟ್ ಪ್ರಿಂಟರ್ ಇರುವ ಲ್ಯಾಬ್‌ನಲ್ಲಿ ಹತ್ತಿ ಪೇಪರ್ ಮೇಲೆ ತೆಗೆಸಿಕೊಂಡರೆ ಖರ್ಚೂ ಕಡಿಮೆ.