ಸಾಸವಡದಾಚೆ ಸೆಳೆವಗಳನ್ನು ಎಣಿಸಿದ ಬಗೆ

ಸೆಳೆವಗಳಂಥ (ಇಂಗ್ಲಿಷಿನಲ್ಲಿ ಹ್ಯಾರಿಯರ್) ವಲಸೆಯ ಬೇಟೆಹಕ್ಕಿಗಳನ್ನು ಎಣಿಸುವುದೆಂದರೆ ಬೆಟ್ಟದ ತುದಿಯಲ್ಲಿ ಕುಳಿತು ಆಕಾಶ ನೋಡುವುದು ಎಂಬ ಅಭಿಪ್ರಾಯ ಪುಣೆಯ ನಮ್ಮ ಬಳಗದಲ್ಲಿ ಬಲವಾಗಿತ್ತು. ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನಲ್ಲಿ 1934ರಿಂದ ಹಾಗೆಯೇ ಎಣಿಸುತ್ತ ಬಂದಿದ್ದಾರೆ. ಜಾರ್ಜಿಯಾದ ಬಟೂಮಿಯಲ್ಲಿ ಒಂದೇ ಶರತ್ಕಾಲದಲ್ಲಿ ಹತ್ತು ಲಕ್ಷಕ್ಕೂ ಮೀರಿ ಹಕ್ಕಿಗಳು ಲೆಕ್ಕಕ್ಕೆ ಸಿಗುತ್ತವೆ. ಆದರೆ ಬಟೂಮಿಯಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಕಾಕಸಸ್ ಪರ್ವತ ಸೇರಿ ಹಕ್ಕಿಗಳನ್ನು ಕಿರಿದಾದ ಓಣಿಗೆ ನೂಕುತ್ತವೆ. ದಖ್ಖನ್ನಿನ ಬಯಲಿನಲ್ಲಿ ಅಂಥ ಓಣಿಯಿಲ್ಲ. ಪುಣೆ ಬಳಿಯ ಸಿಂಹಗಡ ಕೋಟೆಯ ಮೇಲೆ ಅಕ್ಟೋಬರಿನ ಬಿಸಿಲಿಗೆ ಕುತ್ತಿಗೆ ಒಡ್ಡಿ ನಾವು ಪಡೆದದ್ದು ಬೆರಳೆಣಿಕೆಯ ಚಾಣಗಳು ಮತ್ತು ಊರಿನವೋ ವಲಸೆಯವೋ ತಿಳಿಯದ ಹದ್ದುಗಳು ಮಾತ್ರ.

ಹಾರುವಾಗ ಸಿಗದ ಹಕ್ಕಿಯನ್ನು ಇಳಿಯುವಾಗ ಎಣಿಸೋಣ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಬರುವ ಮಾಂಟೆಗು ಸೆಳೆವ, ಪ್ಯಾಲಿಡ್ ಸೆಳೆವಗಳು ಹಗಲೆಲ್ಲ ಹೊಲಗಳ ಮೇಲೆ ಚದುರಿ ಬೇಟೆಯಾಡಿದರೂ ರಾತ್ರಿ ಒಂದೇ ಹುಲ್ಲಿನಲ್ಲಿ ನೆಲದ ಮೇಲೆ ಗುಂಪಾಗಿ ತಂಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರ ಆಕ್ಷೇಪ ಲೆಕ್ಕದ ಬಗ್ಗೆ. ವಿಜಯಪುರದ ಕಡೆಯ ಹಿರಿಯರೊಬ್ಬರು, "ಅಲ್ರೀ, ಒಂದ ಹಕ್ಕೀನ ನಾಕ ಮಂದಿ ನಾಕ ಕಡೆ ಕುಂತು ನೋಡಿ, ಆಮ್ಯಾಲ ಕೂಡಿಸಿ ನಾಕ ಅಂತೀರಿ" ಎಂದು ನಕ್ಕರು. ಅವರ ಮಾತಿನಲ್ಲಿ ಹುರುಳಿತ್ತು. ಮೊದಮೊದಲು ಬಂದ ಸಂಖ್ಯೆಗಳು ನಿಜಕ್ಕೂ ಹಾಗೆಯೇ ಇದ್ದವು; ಒಂದು ಸಂಜೆ ನೂರರ ಹತ್ತಿರ, ಮಾರನೆಯ ಸಂಜೆ ಅದರ ಅರ್ಧ.

ಅದಕ್ಕೂ ಮೊದಲು ತಂಗುದಾಣ ಸಿಗುವುದೇ ಕಷ್ಟವಾಯಿತು. ಪುಣೆಯಾಚೆ ಸಾಸವಡದ ಸುತ್ತ, ದಿವೇ ಘಾಟಿನಿಂದ ಜೇಜುರಿಯವರೆಗೆ ಮಾಳಗಳನ್ನು ಅಲೆದು ಪೆಟ್ರೋಲು ಸುಟ್ಟದ್ದಾಯಿತು. ದೂರದಿಂದಲೇ ಹುಲ್ಲನ್ನು ಶೋಧಿಸಬಹುದೆಂದು ಅರವತ್ತು ಸಾವಿರ ರೂಪಾಯಿಯ ಆಸುಪಾಸಿನ, ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕ ಕೊಂಡೆ. ನೆಲಕ್ಕೆ ತಾಗಿದಂತೆ ಓಲಾಡುತ್ತ ಹಾರುವ ಸೆಳೆವವನ್ನು ಅದರ ಕಿರಿದಾದ ನೋಟದಲ್ಲಿ ಹಿಡಿಯಲಾಗದೆ ಸುಮಾರು ಮೂವತ್ತೈದು ಸಾವಿರಕ್ಕೆ ಮಾರಿದೆ. ಹದಿನೈದು ಸಾವಿರದೊಳಗಿನ ಎಂಟು-ನಲವತ್ತೆರಡರ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಈ ಕೆಲಸಕ್ಕೆ ಧಾರಾಳ ಸಾಕು. ಕೊನೆಗೆ ಫಲ ಕೊಟ್ಟದ್ದು ಗೆರೆ ಎಳೆಯುವ ಉಪಾಯ. ಸಂಜೆ ಐದರ ನಂತರ ಇಬ್ಬರು ಎರಡು ದಿಬ್ಬಗಳ ಮೇಲೆ ನಿಂತು, ಬೇಟೆ ಬಿಟ್ಟು ನೇರವಾಗಿ ಹೊರಟ ಪ್ರತಿ ಸೆಳೆವದ ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಲ್ಲಿ ಓದಿ ನಕ್ಷೆಯ ಮೇಲೆ ಎಳೆದೆವು. ಗೆರೆಗಳು ಕೂಡಿದ ಕಡೆ ಮರುದಿನ ಮಧ್ಯಾಹ್ನ, ಹಕ್ಕಿಗಳಿಲ್ಲದ ಹೊತ್ತಿನಲ್ಲಿ ಹೋದಾಗ, ಒತ್ತಿ ಮಲಗಿದ ಹುಲ್ಲು, ಹಿಕ್ಕೆ, ಮಿಡತೆಯ ಕಾಲುಗಳೂ ಓತಿಕ್ಯಾತದ ಎಲುಬುಗಳೂ ತುಂಬಿದ, ಹಕ್ಕಿಗಳು ಕಕ್ಕಿದ ಉಂಡೆಗಳು ಸಿಕ್ಕವು. ಜಾಗದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಕ್ಯಾಮೆರಾ ಹೊತ್ತ ಜೀಪುಗಳು ಹುಲ್ಲಿನೊಳಗೆ ನುಗ್ಗುತ್ತವೆ.

ಇನ್ನು ಎಣಿಕೆ. ನಾಲ್ವರು ನಾಲ್ಕು ದಿಕ್ಕಿಗೆ, ಹುಲ್ಲಿನ ಅಂಚಿನಿಂದ ಮುನ್ನೂರು ನಾನೂರು ಮೀಟರು ಹಿಂದೆ, ಏರಿನ ಮೇಲೆ ತಲೆ ಕಾಣದಂತೆ ಕೂರಬೇಕು. ತನ್ನ ಪಾಲಿನ ಅಂಚನ್ನು ಹೊರಗಿನಿಂದ ದಾಟಿ ಒಳಬಂದ ಹಕ್ಕಿ ಮಾತ್ರ ಅವನ ಲೆಕ್ಕಕ್ಕೆ. ಒಳಗೇ ಎದ್ದು ಸುತ್ತಿ ಮತ್ತೆ ಕುಳಿತದ್ದು ಯಾರ ಲೆಕ್ಕಕ್ಕೂ ಇಲ್ಲ. ದಾಟಿ ಹೊರಹೋದದ್ದನ್ನು ಕಳೆಯಬೇಕು. ಇದಕ್ಕೆ ಪುಣೆಯ ತುಳಶಿಬಾಗ್ ಪೇಟೆಯಲ್ಲಿ ನಾಮಜಪಕ್ಕೆಂದು ಮಾರುವ, ಬೆರಳಿಗೆ ಹಾಕಿಕೊಳ್ಳುವ ಡಿಜಿಟಲ್ ಕೌಂಟರುಗಳನ್ನು ತಂದೆವು. ಒಂದಕ್ಕೆ ನಲವತ್ತೋ ಐವತ್ತೋ ರೂಪಾಯಿ. ಹಸಿರು ಬಲಗೈಗೆ, ಒಳಬಂದವಕ್ಕೆ. ಕೆಂಪು ಎಡಗೈಗೆ, ಹೊರಹೋದವಕ್ಕೆ. ಐದೈದು ನಿಮಿಷಕ್ಕೊಮ್ಮೆ ಎರಡನ್ನೂ ಬರೆದುಕೊಳ್ಳುತ್ತೇವೆ. ಒಂದೇ ಹಕ್ಕಿ ಇಬ್ಬರ ಗಡಿಯಲ್ಲಿ ಬಂದಿದ್ದರೆ, ರಾತ್ರಿ ಚಹಾದಂಗಡಿಯಲ್ಲಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಅದೇ ಐದು ನಿಮಿಷದ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಭೋಸರಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಆಯುಷ್ಯ ಕಳೆದ ನನಗೆ, ಒಂದೇ ಬಿಡಿಭಾಗವನ್ನು ಇಬ್ಬರು ಬೇರೆಬೇರೆಯಾಗಿ ಅಳೆದು ತಾಳೆ ನೋಡುವವರೆಗೆ ಯಾವ ಅಳತೆಯನ್ನೂ ನಂಬುವ ಅಭ್ಯಾಸವಿಲ್ಲ. ಇಲ್ಲಿ ಅದು ಉಪಯೋಗಕ್ಕೆ ಬಂತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕತ್ತಲೆ. ನವೆಂಬರಿನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ. ಆದರೆ ಮುಳುಗಿದ ಮೇಲೂ ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಕ್ಕಿಗಳು ಬರುತ್ತಲೇ ಇರುತ್ತವೆ. ಮೈಶಾಖವನ್ನು ತೋರಿಸುವ, ಗೆಳೆಯರೊಬ್ಬರ ಥರ್ಮಲ್ ಕ್ಯಾಮೆರಾ ತಂದು ನೋಡಿದೆವು. ದಿನವಿಡೀ ಕಾದ ಕರಿಗಲ್ಲುಗಳೆಲ್ಲ ಅದರಲ್ಲಿ ಹಕ್ಕಿಗಳಂತೆಯೇ ಬೆಳಗಿದ್ದರಿಂದ ಅದನ್ನು ಅಂದೇ ಹಿಂತಿರುಗಿಸಿದೆವು. ಪರಿಹಾರಕ್ಕೆ ಕಾಸೂ ಬೇಕಾಗಲಿಲ್ಲ: ಸೂರ್ಯಾಸ್ತದ ನಂತರ ಪೂರ್ವ ದಿಕ್ಕಿನಲ್ಲಿ ಕುಳಿತವನು ಮಾತ್ರ ಎಣಿಸಬೇಕು, ಏಕೆಂದರೆ ಪಡುವಣದ ಬೆಳಕಿನೆದುರು ಹಕ್ಕಿಯ ಕಪ್ಪು ಆಕೃತಿ ಅವನಿಗೆ ಮಾತ್ರ ಕಾಣುತ್ತದೆ. ಉಳಿದ ಮೂವರು ಕೌಂಟರ್ ಮುಟ್ಟಕೂಡದು. ಈ ನಿಯಮ ಬಂದ ಮೇಲೆ ಸಂಖ್ಯೆ ಸ್ಥಿರವಾಯಿತು. ಕಳೆದ ಹಂಗಾಮಿನಲ್ಲಿ ಅಕ್ಟೋಬರಿನ ಆರಂಭಕ್ಕೆ ಹತ್ತು ಹನ್ನೆರಡು, ನವೆಂಬರಿನ ನಡುವೆ ನಲವತ್ತರ ಆಚೀಚೆ. ಮುಂಜಾವಿನಲ್ಲಿ ಹೊರಡುವಾಗ ಬೇರೆಯೇ ಇಬ್ಬರು ಎಣಿಸಿದಾಗಲೂ ವ್ಯತ್ಯಾಸ ಮೂರು ನಾಲ್ಕನ್ನು ಮೀರಲಿಲ್ಲ. ನಕ್ಕಿದ್ದ ಹಿರಿಯರಿಗೆ ಹಾಳೆಗಳನ್ನು ಕಳಿಸಿದ್ದೇನೆ.

ಗಂಡುಗಳನ್ನು ಬೇರ್ಪಡಿಸುವುದು ಸುಲಭ. ಮಾಂಟೆಗುವಿನ ರೆಕ್ಕೆಯ ಮೇಲಿನ ಕಪ್ಪು ಪಟ್ಟಿ ಪ್ಯಾಲಿಡ್‌ಗೆ ಇಲ್ಲ. ಬೆನ್ನ ಬುಡದಲ್ಲಿ ಬಿಳುಪಿರುವ ಕಂದು ಹೆಣ್ಣುಗಳನ್ನು ಮಬ್ಬಿನಲ್ಲಿ ವಿಂಗಡಿಸಲು ಒಂದು ಯುಕ್ತಿ ಕೈಗೆ ಹತ್ತಿದೆ. ಅದನ್ನು ಇನ್ನೊಂದು ಹಂಗಾಮು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಬೆಟ್ಟವನ್ನು ನಾವು ಪೂರ್ತಿ ಬಿಟ್ಟಿಲ್ಲ. ನಾಗಾಲ್ಯಾಂಡಿನಿಂದ ಹೊರಟು ಅರಬ್ಬೀ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗುವ ಅಮೂರ್ ಚಾಣಗಳು ಲೋಣಾವಳದ ಮೇಲೆ ಹಾಯುವ ದಿನಗಳಲ್ಲಿ ಅಲ್ಲಿಗೂ ಹೋಗುತ್ತೇವೆ. ಗುಂಪೊಂದನ್ನು ಕಣ್ಣಂದಾಜಿನಲ್ಲಿ ನೂರೈವತ್ತು ಎಂದು ಬರೆದು, ಬಳಿಕ ಛಾಯಾಚಿತ್ರದ ಚುಕ್ಕೆಗಳನ್ನು ಎಣಿಸಿದರೆ ಇನ್ನೂರರ ಹತ್ತಿರ ಬಂತು. ಆ ನಂತರ ಗುಂಪುಗಳಿಗೆ ಚಿತ್ರವಿಲ್ಲದ ಅಂಕಿಯನ್ನು ನಾವು ಸ್ವೀಕರಿಸುವುದಿಲ್ಲ.

ತಂಗುದಾಣದ ತೊಂದರೆ ಬೇರೆ. ನವೆಂಬರ್ ಕಳೆಯುತ್ತಿದ್ದಂತೆ ಮೇವಿಗಾಗಿ ಹುಲ್ಲು ಕೊಯ್ಯುತ್ತಾರೆ, ಹಕ್ಕಿಗಳು ಒಂದೇ ರಾತ್ರಿಗೆ ಜಾಗ ಬದಲಿಸುತ್ತವೆ. ಮಾಲೀಕರಿಗೆ ಎರಡು ಎಕರೆಯ ಮೇವಿನ ಬೆಲೆ ಕೊಟ್ಟು ಕೊಯ್ಲನ್ನು ಮುಂದೂಡಿಸಿದೆವು. ನಾಲ್ವರ ನಡುವೆ ತಲಾ ಎರಡು ಸಾವಿರದಷ್ಟು ಬಿತ್ತು. ಇಷ್ಟಾದರೂ ಪಕ್ಕದ ತಂಗುದಾಣವನ್ನು ಅದೇ ಸಂಜೆ ಎಣಿಸದ ಹೊರತು, ಇಲ್ಲಿ ಕಡಿಮೆಯಾದ ಹಕ್ಕಿ ದಕ್ಷಿಣಕ್ಕೆ ಮುಂದುವರಿಯಿತೋ ಆಚೆಯ ಹುಲ್ಲಿಗೆ ಹೋಯಿತೋ ಹೇಳಲಾಗದು. ಅದಕ್ಕೆ ಇನ್ನೂ ನಾಲ್ವರು ಬೇಕು. ನಮ್ಮ ತಂಡದ ಉಡುಪಿ ಕಡೆಯ ಹೋಟೆಲಿನವರಿಗೆ ಭಾನುವಾರ ಬಿಡುವಿಲ್ಲದ ಕಾರಣ, ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹಡಪಸರದಿಂದ ಹೊರಡಬಲ್ಲವರಾದರೆ ಅನುಕೂಲ.