ಟಿಕ್ ಪುಸ್ತಕ ಮುಚ್ಚಿದ ಮೇಲೆ: ಒಳಗಿನಿಂದ ಬದಲಾಗಲು ದೇವರಿಗೆ ಜಾಗ ಕೊಡುವುದು ಹೇಗೆ

ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಮನೆ ಧಾರವಾಡದಲ್ಲಿ. ಆರು ವರ್ಷದ ಹಿಂದೆ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲವಾದ ಲೆಂಟ್ ಶುರುವಾದ ಬುಧವಾರ, ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ನಲವತ್ತು ಗೆರೆ ಎಳೆದೆ. ಮೇಲೆ ನಾಲ್ಕು ಕಾಲಂ: ಬೆಳಗಿನ ಪ್ರಾರ್ಥನೆ, ಸತ್ಯವೇದ, ಉಪವಾಸ, ಕೋಪ ಮಾಡಲಿಲ್ಲ. ದಿನಾ ರಾತ್ರಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದೆ.

ಆಗ ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷ ಆಗಿತ್ತು. ಬೀರುವಿನ ಕೀಲಿ ಎಲ್ಲಿ ಅಂತ ಕೇಳುತ್ತಿದ್ದರು. ಹೇಳಿದರೆ ಹೂಂ ಅನ್ನುತ್ತಿದ್ದರು. ಐದು ನಿಮಿಷ ಬಿಟ್ಟು ಮತ್ತೆ ಅದೇ, ಕೀಲಿ ಎಲ್ಲಿ. ಶಾಲೆಯಿಂದ ಬಂದು ರಾತ್ರಿ ಮಲಗುವವರೆಗೆ ಅದೊಂದೇ ಮಾತು.

ಇಪ್ಪತ್ತಮೂರನೇ ದಿನದವರೆಗೂ ಕೋಪದ ಕಾಲಂನಲ್ಲಿ ಒಂದು ಟಿಕ್ಕೂ ತಪ್ಪಿರಲಿಲ್ಲ. ಖುಷಿಯಿಂದ ಮಗಳಿಗೆ ತೋರಿಸಿದೆ. ಅವಳಿಗೆ ಆಗ ಹನ್ನೆರಡು ವರ್ಷ. ಆ ಕಾಲಂ ಮೇಲೆ ಬೆರಳಿಟ್ಟು ಹೇಳಿದಳು: "ಅಮ್ಮಾ, ಮೊದಲು ನೀನು ಬೈದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಪಾತ್ರೆ ಸಪ್ಪಳ ಕೇಳಿದರೆ ನನಗೆ ಜಾಸ್ತಿ ಹೆದರಿಕೆ ಆಗುತ್ತೆ."

ಅವಳು ಹೇಳಿದ್ದು ನಿಜ. ಬಾಯಿ ಮುಚ್ಚಿಕೊಂಡಿದ್ದೆ. ಸಿಟ್ಟು ಕೈಗೆ ಇಳಿದಿತ್ತು. ತಟ್ಟೆಗಳನ್ನು ಸಿಂಕಿಗೆ ಎಸೆಯುತ್ತಿದ್ದೆ, ಕುಕ್ಕರಿನ ಮುಚ್ಚಳ ಕುಕ್ಕುತ್ತಿದ್ದೆ, ಬಾಗಿಲು ದಬ್ಬುತ್ತಿದ್ದೆ. ಅತ್ತೆಯ ಮುಂದೆ ಗಂಜಿ ಬಟ್ಟಲು ಇಡುವಾಗ ಅದು ಟೇಬಲ್ಲಿಗೆ ತಾಗಿ ಎರಡು ಹನಿ ಆಚೆ ಬೀಳುತ್ತಿತ್ತು. ಅದಕ್ಕೆ ಕಾಲಂ ಇರಲಿಲ್ಲ.

ಅವತ್ತಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಶುದ್ಧ ಮನಸ್ಸಿನಿಂದ ಪ್ರಯತ್ನ ಮಾಡಿ ಮಾಡಿ ಸುಸ್ತಾದ ವಿಶ್ವಾಸಿಗಳು ಬಹಳ ಜನ ಇದ್ದಾರೆ. ಅವರಿಗಾಗಿ.

ಮೊದಲು ಮಾಡಬೇಕಾದ್ದು, ಲೆಕ್ಕ ಇಡುವುದನ್ನು ನಿಲ್ಲಿಸುವುದು. ಪ್ರಾರ್ಥನೆ ನಿಲ್ಲಿಸಬೇಡಿ, ಓದು ನಿಲ್ಲಿಸಬೇಡಿ. ಎಷ್ಟು ಆಯಿತು, ಎಷ್ಟು ತಪ್ಪಿತು ಅಂತ ಎಣಿಸುವುದನ್ನು ಮಾತ್ರ ಒಂದು ತಿಂಗಳು ಬಿಡಿ. ನನಗೆ ಇದು ಉಪವಾಸಕ್ಕಿಂತ ಕಷ್ಟ ಆಯಿತು. ಟಿಕ್ ಇಲ್ಲದ ರಾತ್ರಿ ದೇವರ ಮುಂದೆ ಏನು ಹಿಡಿದುಕೊಂಡು ಹೋಗುವುದು ಅಂತಲೇ ತಿಳಿಯಲಿಲ್ಲ. ಅಷ್ಟು ದಿನ ಯೇಸುವನ್ನು ನಂಬಿದ್ದೇನೆ ಅಂದುಕೊಂಡಿದ್ದೆ. ನಂಬಿದ್ದು ನನ್ನ ಕೆಂಪು ಪೆನ್ನನ್ನು.

ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ಕಥೆ ನನಗೆ ಆಗ ಬಹಳ ಆಸರೆ ಆಯಿತು. ಆಕ್ಸ್‌ಫರ್ಡಿನಲ್ಲಿದ್ದಾಗ ಅವರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿದ್ದರು. ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು. ಗಂಟೆ ಗಂಟೆಗೂ ಏನು ಮಾಡಿದೆ ಅಂತ ಡೈರಿಯಲ್ಲಿ ಬರೆದಿಡುತ್ತಿದ್ದರು. ಅವರ ಗುಂಪಿಗೆ ಮೆಥಡಿಸ್ಟ್ ಅನ್ನುವ ಹೆಸರು ಬಿದ್ದದ್ದು ಈ ಶಿಸ್ತನ್ನು ನೋಡಿ ಜನ ಹಂಗಿಸಿದ್ದರಿಂದ. 1735ರಲ್ಲಿ ಸುವಾರ್ತೆ ಸಾರಲು ಅಮೆರಿಕದ ಜಾರ್ಜಿಯಾಕ್ಕೆ ಹೊರಟರು. ನಡುಗಡಲಲ್ಲಿ ಬಿರುಗಾಳಿ ಎದ್ದಾಗ ಹಡಗಿನಲ್ಲಿದ್ದ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳು ಸಮಾಧಾನವಾಗಿ ಕೀರ್ತನೆ ಹಾಡುತ್ತಿದ್ದವು. ವೆಸ್ಲಿಗೆ ಸಾವಿನ ಭಯ. ಎಲ್ಲ ಶಿಸ್ತೂ ಇತ್ತು, ಆ ಸಮಾಧಾನ ಮಾತ್ರ ಇರಲಿಲ್ಲ. ಊರಿಗೆ ಸೋತು ಮರಳಿದರು. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಯಾರೋ ಒಬ್ಬರು ರೋಮಾಪುರದವರ ಪತ್ರಕ್ಕೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕ್ರಿಸ್ತನ ಮೇಲಿನ ನಂಬಿಕೆಯ ಮೂಲಕ ದೇವರು ಹೃದಯದಲ್ಲಿ ಮಾಡುವ ಬದಲಾವಣೆಯ ಮಾತು ಬಂದಾಗ, ಸುಮಾರು ಎಂಟೂಮುಕ್ಕಾಲಿಗೆ, ತನ್ನ ಎದೆ ಬೆಚ್ಚಗಾಯಿತು ಅಂತ ಬರೆದುಕೊಂಡಿದ್ದಾರೆ.

ನಾನು ಗಮನಿಸಿದ್ದು ಅದರ ಮುಂದಿನದ್ದನ್ನು. ಅವರು ಶಿಸ್ತನ್ನು ಬಿಡಲಿಲ್ಲ. ಬೆಳಗಿನ ಜಾವ ಏಳುವುದು ಬಿಡಲಿಲ್ಲ, ಜೈಲಿಗೆ ಹೋಗುವುದು ಬಿಡಲಿಲ್ಲ. ಮೊದಲು ದೇವರು ಒಪ್ಪಲಿ ಅಂತ ಮಾಡುತ್ತಿದ್ದರು. ಆಮೇಲೆ ದೇವರು ಒಪ್ಪಿಕೊಂಡಿದ್ದಾನೆ ಅಂತ ಮಾಡಿದರು. ಈ ವ್ಯತ್ಯಾಸ ತಲೆಗೆ ಹೋಗಲು ಒಂದು ನಿಮಿಷ ಸಾಕು. ಎದೆಗೆ ಇಳಿಯಲು ನನಗೆ ವರ್ಷ ಬೇಕಾಯಿತು.

ಎರಡನೆಯದು, ಪ್ರಾರ್ಥನೆಯಲ್ಲಿ ನಿಜ ಹೇಳುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನಲ್ಲಿ ಏನಾದರೂ ಬದಲಾದದ್ದು ಇಲ್ಲಿಂದಲೇ.

"ಕರ್ತನೇ, ನನಗೆ ತಾಳ್ಮೆ ಕೊಡು" ಅಂತ ವರ್ಷಗಟ್ಟಲೆ ಬೇಡಿದ್ದೆ. ಒಳ್ಳೆಯ ಬೇಡಿಕೆ. ಆದರೆ ಅದರ ಹಿಂದೆ ನಾನು ಅಡಗಿಕೊಂಡಿದ್ದೆ. ಮಗಳು ಹಾಗೆ ಹೇಳಿದ ರಾತ್ರಿ ಅಡುಗೆಮನೆಯ ದೀಪ ಆರಿಸಿ, ಕಟ್ಟೆಗೆ ಒರಗಿ ನಿಂತು, ಮೆಲ್ಲಗೆ ಬಾಯಿಬಿಟ್ಟು ಹೇಳಿದೆ: "ನನಗೆ ಅತ್ತೆ ಬೇಡವಾಗಿದ್ದಾರೆ. ಇವತ್ತು ಸಂಜೆ ಆರು ಗಂಟೆಗೆ, ಇವರು ಇಲ್ಲದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು." ಹೇಳಿ ಮೈ ನಡುಗಿತು. ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಕಲಿಸಿದವಳು ನಾನು. ಆದರೆ ಆ ಕತ್ತಲಲ್ಲಿ ಮೊದಲ ಸಲ, ದೇವರು ಕೇಳಿಸಿಕೊಳ್ಳುತ್ತಿರುವುದು ನನ್ನನ್ನೇ ಅನ್ನಿಸಿತು. ನಾನು ತಯಾರು ಮಾಡಿಕೊಂಡು ಬಂದ ಒಳ್ಳೆಯ ಹೆಂಗಸನ್ನಲ್ಲ.

ನೀವೂ ಹೀಗೆ ಮಾಡಿ. ದಿನಕ್ಕೆ ಒಂದೇ ವಾಕ್ಯ. ಅದರಲ್ಲಿ ಯಾರು, ಯಾವಾಗ, ಎಲ್ಲಿ ಇರಲಿ. "ನಾನು ಪಾಪಿ" ಅನ್ನುವುದು ಸುಲಭ, ಎಲ್ಲರೂ ಹೇಳುತ್ತಾರೆ. "ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಆಕೆಗೆ ಬಡ್ತಿ ಸಿಕ್ಕಿತು ಅಂದಾಗ ನನಗೆ ಹೊಟ್ಟೆ ಉರಿಯಿತು" ಅನ್ನುವುದು ಕಷ್ಟ. ಕಷ್ಟದ್ದನ್ನೇ ಹೇಳಿ. 139ನೇ ಕೀರ್ತನೆಯ ಕೊನೆಯಲ್ಲಿ ದಾವೀದ ಕೇಳುವುದು ಇದನ್ನೇ ಅಲ್ವಾ? ನನ್ನನ್ನು ಪರೀಕ್ಷಿಸಿ ಹೃದಯ ತಿಳಿದುಕೋ ಅಂತ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಏನು ಹೋಗಿಬಿಡುತ್ತದೆ ಅಂತ ನನಗೆ ಭಯ? ಉತ್ತರ ಬೇಗ ಬರುವುದಿಲ್ಲ. ನನಗೆ ಐದಾರು ವಾರ ಹಿಡಿಯಿತು. ಅತ್ತೆ ನಾವಷ್ಟೇ ಇದ್ದಾಗ ಕೀಲಿ ಕೇಳಿದರೆ ಬೇಸರ ಆಗುತ್ತಿತ್ತು. ಸಭೆಯವರು ಮನೆಗೆ ಬಂದಾಗ ಕೇಳಿದರೆ ಉರಿಯುತ್ತಿತ್ತು. ಅದನ್ನು ನೋಡಿ ಅರ್ಥ ಆಯಿತು. ಕೀಲಿ ಕಿತ್ತುಕೊಂಡು ಅತ್ತೆಯನ್ನು ಮೂಲೆಗೆ ಕೂರಿಸಿದ್ದೇನೆ ಅಂತ ಅವರು ತಿಳಿದುಕೊಂಡರೆ? "ಒಳ್ಳೆಯ ಸೊಸೆ" ಅನ್ನುವ ಹೆಸರು ಹೋದರೆ ನನಗೆ ಉಳಿಯುವುದೇನು? ಕೋಪದ ಬೇರು ಅಲ್ಲಿತ್ತು. ನಾನು ಎಲೆ ಕೀಳುತ್ತಿದ್ದೆ.

ಸುವಾರ್ತೆ ಮುಟ್ಟಬೇಕಾದ್ದು ಆ ಬೇರನ್ನು. ಲೂಕ 18ರಲ್ಲಿ ದೇವಾಲಯಕ್ಕೆ ಹೋದ ಇಬ್ಬರಲ್ಲಿ, ವಾರಕ್ಕೆ ಎರಡು ಉಪವಾಸ ಅಂತ ಲೆಕ್ಕ ಒಪ್ಪಿಸಿದವನು ಹಾಗೇ ಮನೆಗೆ ಹೋದ. ತಲೆ ಎತ್ತದೆ ಎದೆ ಬಡಿದುಕೊಂಡ ಸುಂಕದವನು ನೀತಿವಂತನಾಗಿ ಹೋದ. ಆ ಕಥೆ ಎಷ್ಟೋ ಸಲ ಪಾಠ ಮಾಡಿದ್ದೆ. ಅದರೊಳಗೆ ನಾನು ನಿಂತಿರುವ ಜಾಗ ಯಾವುದು ಅಂತ ಅಲ್ಲಿಯವರೆಗೆ ನೋಡಿರಲಿಲ್ಲ.

ಓದು ಕಡಿಮೆ ಮಾಡಿ. ಕೆಲವರಿಗೆ ಇದು ತಪ್ಪು ಅನ್ನಿಸಬಹುದು. ನಾನು ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಲೆಕ್ಕದಲ್ಲಿ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓಡಿಸುತ್ತಿದ್ದೆ. ಅದನ್ನು ಬಿಟ್ಟು ಯೋಹಾನ 15ರ ಮೊದಲ ಹನ್ನೊಂದು ವಚನಗಳನ್ನು ಒಂದು ತಿಂಗಳು ಓದಿದೆ. ನಾನು ದ್ರಾಕ್ಷಿ ಬಳ್ಳಿ, ನೀವು ಕೊಂಬೆಗಳು ಅಂತ ಯೇಸು ಹೇಳುವ ಮಾತು. ನನ್ನ ತವರು ವಿಜಯಪುರದ ಕಡೆ. ಅಪ್ಪ ಬೇರೆಯವರ ದ್ರಾಕ್ಷಿ ತೋಟದಲ್ಲಿ ದುಡಿದವರು. ಅಲ್ಲಿ ಬಳ್ಳಿ ಕತ್ತರಿಸುವುದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಅಕ್ಟೋಬರ್ ಚಾಟ್ನಿ ಆದ ಮೇಲೆ ಹಣ್ಣು ಕೈಗೆ ಬರಲು ನಾಲ್ಕು ತಿಂಗಳು ಬೇಕು. ಕತ್ತರಿಸಿದ ಕಡ್ಡಿಗಳನ್ನು ಬದುವಿನ ಮೇಲೆ ರಾಶಿ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ಅವುಗಳ ಮೇಲೆ ಹತ್ತಿ ಆಡುತ್ತಿದ್ದೆ. ಮೊದಲ ದಿನ ಆ ಕಡ್ಡಿ ಹಸಿರಾಗಿಯೇ ಇರುತ್ತದೆ, ಉಗುರಿನಿಂದ ಕೆರೆದರೆ ತೇವ. ಸತ್ತಿದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ವಾರ ಕಳೆದ ಮೇಲೆ ಮುರಿದರೆ ಪಟ್ ಅನ್ನುತ್ತದೆ. ನನ್ನ ಇಪ್ಪತ್ತಮೂರು ಟಿಕ್ ಆ ಹಸಿರು. ಒಳಗೆ ರಸ ಹರಿಯುತ್ತಿರಲಿಲ್ಲ.

"ನನ್ನಲ್ಲಿ ನೆಲೆಗೊಂಡಿರಿ" ಅನ್ನುವುದು ಕೊಂಬೆಗೆ ಹೇಳಿದ ಮಾತು. ಹಣ್ಣು ಬಿಡು ಅಂತ ಬೆದರಿಸಿದ ಮಾತಲ್ಲ. ಗಲಾತ್ಯದವರ ಪತ್ರದ 5ನೇ ಅಧ್ಯಾಯದಲ್ಲೂ ಪೌಲನು ಶರೀರಭಾವಕ್ಕೆ "ಕರ್ಮಗಳು" ಅನ್ನುತ್ತಾನೆ, ದೇವರಾತ್ಮನದಕ್ಕೆ "ಫಲ" ಅನ್ನುತ್ತಾನೆ. ನಾನು ಕೆಂಪು ಪೆನ್ನಿನಿಂದ ತರಲು ಹೊರಟಿದ್ದ ಶಮೆದಮೆ, ಅಂದರೆ ತನ್ನನ್ನು ತಾನು ಹಿಡಿತದಲ್ಲಿಡುವುದು, ಆ ಫಲದ ಪಟ್ಟಿಯಲ್ಲೇ ಕೊನೆಯದು. ಅದೂ ಬಿಡುವಂಥದ್ದೇ, ಅಂಟಿಸುವಂಥದ್ದಲ್ಲ.

ಹಾಗಾದರೆ ಸುಮ್ನೆ ಕೂತರೆ ಆಯಿತಾ? ಇಲ್ಲ. ಫಿಲಿಪ್ಪಿಯವರ ಪತ್ರದ 2ನೇ ಅಧ್ಯಾಯದಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅಂದ ಮರುಕ್ಷಣವೇ, ನಿಮ್ಮಲ್ಲಿ ಮನಸ್ಸನ್ನೂ ಕೆಲಸವನ್ನೂ ಉಂಟುಮಾಡುವವನು ದೇವರು ಅಂತ ಬರುತ್ತದೆ. ನನ್ನ ಪಾಲಿಗೆ ಅದು ಒಂದು ಚಿಕ್ಕ ಕೆಲಸವಾಗಿ ಬಂತು. ಅತ್ತೆ ಕೀಲಿ ಕೇಳಿದ ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತಿದ್ದೆ. ಒರೆಸುವಷ್ಟು ಹೊತ್ತು ಮನಸ್ಸಿನಲ್ಲಿ "ಅಪ್ಪಾ, ನಾನು ನಿನ್ನವಳು" ಅನ್ನುತ್ತಿದ್ದೆ. ಅಷ್ಟೇ. ನಿಮ್ಮ ದಿನದಲ್ಲಿ ಎಲ್ಲಿ ಜಾರುತ್ತೀರಿ ಅಂತ ನಿಮಗೆ ಗೊತ್ತಿರುತ್ತದೆ. ಆ ಜಾಗದಲ್ಲಿ ಕೈ ಮಾಡುವ ಒಂದು ಕೆಲಸಕ್ಕೆ ಇಂಥ ಒಂದು ಮಾತನ್ನು ಕಟ್ಟಿಡಿ. ಮರೆತರೆ ಮರುಸಲ ಮಾಡಿ.

ಮಳೆಗಾಲದ ಹೊತ್ತಿಗೆ ಒಂದು ದಿನ, ಹಾಗೆ ಕೈ ಒರೆಸಿಕೊಳ್ಳುವಾಗ, ಹಳೇ ಟ್ರಂಕಿನ ಕೀಲಿ ನೆನಪಾಯಿತು. ಬೀಗ ಕಳೆದು ಎಷ್ಟೋ ವರ್ಷ ಆಗಿತ್ತು. ಅದಕ್ಕೆ ಕೆಂಪು ದಾರ ಪೋಣಿಸಿ ಅತ್ತೆಯ ಕೊರಳಿಗೆ ಹಾಕಿದೆ. ಅವರು ಅದನ್ನು ಮುಟ್ಟಿ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಆಮೇಲೂ ಕೇಳುತ್ತಿದ್ದರು, ಆದರೆ ನಾನು ಅವರ ಕೊರಳು ತೋರಿಸುತ್ತಿದ್ದೆ, ಅವರು ಮುಟ್ಟಿಕೊಂಡು ನಗುತ್ತಿದ್ದರು. ಎರಡು ವರ್ಷ ಇಷ್ಟು ಸಣ್ಣ ಉಪಾಯ ಹೊಳೆದಿರಲಿಲ್ಲ. ನನ್ನ ಜೊತೆ ನಾನೇ ಗುದ್ದಾಡುತ್ತಿದ್ದಾಗ ಅವರಿಗೆ ಏನು ಬೇಕು ಅಂತ ನೋಡಲು ಕಣ್ಣು ಎಲ್ಲಿತ್ತು? ಒಳಗಿನ ಬದಲಾವಣೆ ಅಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಕೆಂಪು ದಾರ.

ನಿದ್ದೆ ಮಾಡಿ. ಪ್ರವಾದಿ ಎಲೀಯನು ಸಾಯಬೇಕು ಅಂತ ಜಾಲಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಎಲೀಯ ತಿಂದು ಮತ್ತೆ ಮಲಗಿದ. ರೋಗಿಗಳನ್ನು ನೋಡಿಕೊಳ್ಳುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ನಾದಿನಿಯನ್ನು ವಾರಕ್ಕೆ ಎರಡು ರಾತ್ರಿ ಬಂದು ಮಲಗು ಅಂತ ಕೇಳಲು ನನ್ನ ಹೆಮ್ಮೆ ಬಿಡುತ್ತಿರಲಿಲ್ಲ. ಕೇಳಿದ ದಿನ ಅವಳು ಒಂದೇ ಮಾತಿಗೆ ಒಪ್ಪಿದಳು.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಇದನ್ನು "ಒಳಗೆ ಬದಲಾಗಿ ತಡೆದುಕೋ" ಅಂತ ಓದಬೇಡಿ. ಹೊಡೆಯುವವನ ಪಾಪಕ್ಕೆ ನಿಮ್ಮ ತಾಳ್ಮೆ ಮದ್ದಲ್ಲ. ಆ ಮನೆಯಿಂದ ಆಚೆ ಬಂದು ಸಹಾಯ ಕೇಳುವುದು ನಂಬಿಕೆಯ ಸೋಲಲ್ಲ.

ಒಬ್ಬರಿಗಾದರೂ ಪೂರ್ತಿ ನಿಜ ಹೇಳಿ. ನಮ್ಮ ಸಭೆಯ ಸ್ತ್ರೀಯರ ಕೂಟದ ಒಬ್ಬ ಹಿರಿಯರಿಗೆ ನಾನು ಹೇಳಿದೆ. ಅವರು ವಚನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. "ಹೌದಾ" ಅಂದು ಕೈ ಹಿಡಿದುಕೊಂಡು ಕೂತರು. ಇಂಥವರನ್ನು ಹುಡುಕಿ. ಕೂಡಲೇ ಉಪದೇಶ ಶುರು ಮಾಡುವವರಿಗೆ ಇನ್ನೊಂದು ದಿನ ಹೇಳಿದರಾಯಿತು.

ಬದಲಾಗಿದ್ದೇನಾ ಅಂತ ಪದೇ ಪದೇ ನೋಡಿಕೊಳ್ಳಬೇಡಿ. ಅದೂ ಟಿಕ್ ಪುಸ್ತಕವೇ. ನನಗೆ ಗೊತ್ತಾದದ್ದು ಮಗಳಿಂದ. ಯಾವಾಗಿನಿಂದಲೋ ತಿಳಿಯದು, ಅವಳು ಹೋಂವರ್ಕ್ ಮಾಡಲು ಮಹಡಿಗೆ ಹೋಗುವುದನ್ನು ಬಿಟ್ಟು ಅಡುಗೆಮನೆಯ ನೆಲದ ಮೇಲೆ ಕೂರಲು ಶುರು ಮಾಡಿದ್ದಳು.

ಕೊನೆಯದಾಗಿ, ಬಿದ್ದಾಗ ಏನು ಮಾಡಬೇಕು. ಬೀಳುತ್ತೀರಿ. ಹೋದ ತಿಂಗಳು ನಾನು ಬಿದ್ದೆ. ಪರೀಕ್ಷೆ ಪೇಪರಿನ ಕಟ್ಟಿನ ಮೇಲೆ ಅತ್ತೆ ಒಂದು ಚೊಂಬು ನೀರು ಚೆಲ್ಲಿದರು. ನಾನು ಕಿರುಚಿದೆ. ಪಕ್ಕದ ಮನೆಗೆ ಕೇಳಿಸುವ ಹಾಗೆ. ಮೊದಲಾಗಿದ್ದರೆ ಮೂರು ದಿನ ನನ್ನನ್ನು ನಾನೇ ಹಳಿದುಕೊಂಡು, ಉಪವಾಸ ಮಾಡಿ, ಆಮೇಲೆ ದೇವರ ಹತ್ತಿರ ಹೋಗುತ್ತಿದ್ದೆ. ಈ ಸಲ ಪೇಪರುಗಳನ್ನು ಹಗ್ಗದ ಮೇಲೆ ಹರವಿ, ಕೈ ಒರೆಸಿಕೊಂಡು, ನೇರವಾಗಿ ಅವರ ಕೋಣೆಗೆ ಹೋದೆ. ತಡ ಮಾಡಬಾರದು, ಅದೊಂದೇ ನಿಯಮ. "ಅತ್ತೆ, ನಾನು ಕಿರುಚಿದೆ. ತಪ್ಪಾಯಿತು, ಕ್ಷಮಿಸಿ" ಅಂದೆ.

ಅವರಿಗೆ ಆಗಲೇ ಮರೆತುಹೋಗಿತ್ತು. ನನ್ನ ಮುಖ ನೋಡಿ, "ಯಾಕವ್ವಾ, ಕಾಲು ನೋಯ್ತದೇನು?" ಅಂದರು. ಆಮೇಲೆ ಗೋಡೆ ಕಡೆಗೆ ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟರು.